ದೊಡ್ಡಮ್ಮನ ಮಹಡಿಯೂ ಹಾಗಲಕಾಯಿ ಗೊಜ್ಜೂ

ಸಂಬಂಧಿಕರ ಮನೆಯಲ್ಲಿ ಬಾಡಿಗೆಗಿರುವಷ್ಟು ಸುಖ ಬೇರೆಲ್ಲೂ ಇಲ್ಲವೆಂದು ನಂಬಿದ್ದವನು ನಾನು. ಕೋಣನಕುಂಟೆಯಲ್ಲಿರುವ ತಮ್ಮ ಮನೆಯ ಮಹಡಿಯನ್ನು ನಮಗೆ ಕೊಡುವಾಗ ದೊಡ್ಡಮ್ಮ, "ನಮ್ಮ ನಮ್ಮಲ್ಲಿ ಅಗ್ರಿಮೆಂಟ್ ಏನೋ ಶಿವು? ಕೇಳ್ದೋರು ನಗ್ತಾರೆ!" ಎಂದರು. ನಾನೂ ಎದೆಯುಬ್ಬಿಸಿ ಒಪ್ಪಿದೆ. ಅಂದು ಊಟಕ್ಕೆ ಹಾಗಲಕಾಯಿ ಗೊಜ್ಜು ಬಡಿಸಿದರು. ಹಾಗಲಕಾಯಿ ಕಂಡರೆ ನನಗಾಗದು. ಆದರೂ ಮರ್ಯಾದೆಗೆ, "ಸಖತ್ತಾಗಿದೆ ದೊಡ್ಡಮ್ಮ!" ಎಂದುಬಿಟ್ಟೆ.

ಬರೆಯದ ಕರಾರಿಗೆ ಸಹಿ ಬಿದ್ದದ್ದು ಅಲ್ಲೇ! ಮರುದಿನದಿಂದ ದಿನಾ ಸಂಜೆ ಒಂದು ಬಟ್ಟಲು ಗೊಜ್ಜು ಮಹಡಿ ಹತ್ತತೊಡಗಿತು. ದೊಡ್ಡಮ್ಮ ಎದುರಿಗೇ ಕೂತು, ಬಟ್ಟಲು ಖಾಲಿಯಾದ ಮೇಲೆಯೇ ಇಳಿಯುತ್ತಿದ್ದರು. ಬೇಡವೆಂದರೆ ಅವರು ನೊಂದುಕೊಂಡಾರು. ತಿಂದರೆ ನಾನು ಉಳಿಯಲಾರೆ. ಕೊನೆಗೆ ಹೆಂಡತಿ ವೀಣಾ ರೇಗಿದಳು: "ಬೇಡ ಅನ್ನೋಕೆ ನಿಮಗೆ ಬಾಯಿ ಬರಲ್ಲ ಅಂದ್ರೆ ಮನೇನೇ ಬಿಡೋಣ ನಡೀರಿ!"

ಗೊಟ್ಟಿಗೆರೆಯಲ್ಲಿ ಸದ್ದಿಲ್ಲದೆ ಮನೆ ಹಿಡಿದೆವು. ಅದನ್ನು ದೊಡ್ಡಮ್ಮನಿಗೆ ಹೇಳುವ ಧೈರ್ಯವಾದರೂ ಎಲ್ಲಿತ್ತು? ಸಾಮಾನನ್ನು ಸ್ಕೂಟರಿನಲ್ಲಿ ಸ್ವಲ್ಪಸ್ವಲ್ಪವಾಗಿ ಸಾಗಿಸುವ ಮಹಾಯೋಜನೆ ಹಾಕಿದೆ. ಮೊದಲ ದಿನವೇ ಗೇಟಿನಲ್ಲಿ ಸಿಕ್ಕಿಬಿದ್ದೆ.

"ದಿಂಬು ಎಲ್ಲಿಗೋ?"

"ಆಫೀಸಿಗೆ ದೊಡ್ಡಮ್ಮ."

"ಪಾಪ, ಅಷ್ಟೊಂದು ಕೆಲಸಾನಾ!"

ಮರುದಿನ ಮಿಕ್ಸಿ. ಅದೂ ಆಫೀಸಿಗೇ! ಅದರ ಮರುದಿನ ಮಡಿಚುವ ಮಂಚವನ್ನು ಸ್ಕೂಟರಿಗೆ ಏರಿಸುವಾಗ ದೊಡ್ಡಮ್ಮ ತಾವೇ ಹಗ್ಗ ತಂದು ಬಿಗಿಯಾಗಿ ಕಟ್ಟಿಕೊಟ್ಟರು. ಎಂಥ ಮುಗ್ಧೆ ಎಂದು ನನಗೆ ಅಳುವೇ ಬಂತು.

ಹಾಲುಕ್ಕಿಸುವ ದಿನ ಕಳ್ಳರಂತೆ ಹೊಸ ಮನೆಗೆ ಹೋದರೆ, ಬಾಗಿಲಲ್ಲಿ ಹಾಲು, ಬಾಳೆಹಣ್ಣು ಹಿಡಿದ ದೊಡ್ಡಮ್ಮ!

"ಈ ಮನೆ ಓನರಮ್ಮ ನಮ್ಮ ಭಜನೆ ಮಂಡಳಿಯವಳು ಕಣೋ. ಎಲ್ಲಾ ಗೊತ್ತು."

ನಾನು ಕಾಲಿಗೆ ಬಿದ್ದು ಗೊಜ್ಜಿನ ಸತ್ಯವನ್ನೆಲ್ಲ ಒದರಿಬಿಟ್ಟೆ. ದೊಡ್ಡಮ್ಮ ಹಣೆ ಚಚ್ಚಿಕೊಂಡರು.

"ಅಯ್ಯೋ ಮಂಕೇ! ನಿನಗಿಷ್ಟ ಅಂತ ದಿನಾ ಹಾಗಲಕಾಯಿ ಹುಡುಕಿ, ಮಂಡಿನೋವಲ್ಲಿ ಮೆಟ್ಟಿಲು ಹತ್ತಿ ನನಗೂ ಸಾಕಾಗಿತ್ತು! ನಿಲ್ಲಿಸಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ. ಖಾಲಿ ಮಾಡ್ತೀಯ ಅಂತ ಗೊತ್ತಾದ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದೆ ಕಣೋ!"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುನಗುತ್ತಲೇ ಒಳಗೆ ಹೋಗಿ ಹಾಲು ಒಲೆಗಿಟ್ಟೆವು; ಆ ನಗುವಿನಲ್ಲಿ ಅದು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಇನ್ನು ಮುಂದೆ ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳುತ್ತೇನೆಂದು ದೊಡ್ಡಮ್ಮನಿಗೆ ಮಾತು ಕೊಟ್ಟೆ.

ಅಷ್ಟರಲ್ಲಿ ಕೆಳಗಿನ ಮನೆಯಿಂದ ಓನರಮ್ಮ ಬಟ್ಟಲು ಹಿಡಿದು ಬಂದರು. ಮೂಲಂಗಿ ಪಚಡಿ. ಮೂಲಂಗಿಯೆಂದರೆ ನನಗೆ ಹಾಗಲಕಾಯಿಗಿಂತಲೂ ಆಗದು. ಒಂದು ಚಮಚ ಬಾಯಿಗಿಡುತ್ತಿದ್ದಂತೆ, "ಹೇಗಿದೆಯಪ್ಪ?" ಎಂದರು. ವೀಣಾ ನನ್ನ ಕಾಲು ತುಳಿದಳು. ದೊಡ್ಡಮ್ಮ ಕಣ್ಣು ಕೆಕ್ಕರಿಸಿದರು.

"ಸಖತ್ತಾಗಿದೆ ಆಂಟಿ!" ಎಂದೆ.