ಸುರಂಗದ ಸಿಮೆಂಟು ಇಳಿಸಿದ ಕಥೆ

ಮಾಲು ಹೆಚ್ಚು ಹಾಕಿ ಅನ್ನುವ ವ್ಯಾಪಾರಿಯನ್ನು ಜನ ನಂಬುತ್ತಾರೆ. ಕಡಿಮೆ ಹಾಕಿ ಅನ್ನುವವನನ್ನು ಕಂಡರೆ ಅನುಮಾನ. ನಾನು ಈ ಎರಡನೇ ಗುಂಪಿಗೆ ಸೇರಿದ ಮೇಲೆ, ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ಓಡಾಡಿದಷ್ಟು ದಿನ ನಗುವುದಕ್ಕೆ ಏನಾದರೊಂದು ಸಿಗುತ್ತಲೇ ಇತ್ತು.

ಎರಡು ಸಾವಿರದ ಏಳೋ ಎಂಟೋ ಇಸವಿ. ದಾವಣಗೆರೆ ಬಿಟ್ಟು ವಿಶಾಖಪಟ್ಟಣದಲ್ಲಿ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಗಿತ್ತು. ಬೆಟ್ಟ ಕೊರೆದು ರೈಲು ಸುರಂಗ ಮಾಡುತ್ತಿದ್ದ ಕಂಪನಿಯೊಂದಕ್ಕೆ, ಒಳಗೋಡೆಯ ಕಾಂಕ್ರೀಟಿಗೆ ಬೆರೆಸುವ ಉಕ್ಕಿನ ಎಳೆ ಕೊಡುತ್ತಿದ್ದೆ. ಬೆರಳುದ್ದದ ತಂತಿ ತುಂಡುಗಳು. ಬಿರುಕು ಬಿಡದಂತೆ ಹಿಡಿಯುತ್ತವೆ. ಆ ಹೊತ್ತಿಗೆ ಎಲ್ಲರ ಬಾಯಲ್ಲೂ ಕಾರ್ಬನ್ನಿನದೇ ಮಾತು. ಸಿಮೆಂಟು ಸುಡುವಾಗ ಏಳುವ ಹೊಗೆ ಅಷ್ಟಿಷ್ಟಲ್ಲವಂತೆ. ಹಾಗಾದರೆ ಸಿಮೆಂಟು ಇಳಿಸಿ, ಆ ಜಾಗಕ್ಕೆ ಉಕ್ಕಿನ ಕುಲುಮೆಯಲ್ಲಿ ಉಳಿಯುವ ಕಿಟ್ಟದ ಪುಡಿ ಹಾಕಿ, ಅದನ್ನೂ ನಾನೇ ಕೊಡುತ್ತೇನೆ ಅಂದೆ. ಕಂಪನಿಯವರು ಒಂದೇ ಮಾತು ಹೇಳಿದರು: "ಪರೀಕ್ಷೆಯಲ್ಲಿ ಗಟ್ಟಿ ನಿಂತರೆ ಇಡೀ ಸುರಂಗದ ಪುಡಿ ನಿಮ್ಮದು. ನಿಲ್ಲದಿದ್ದರೆ ಎಳೆಯ ಆರ್ಡರೂ ಬೇರೆಯವರಿಗೆ."

ಒಂಟಿ ಚೀಲ

ಮೊದಲು ಮಾದರಿಗೆ ಒಂದು ಚೀಲ ಪುಡಿ ವಿಜಯವಾಡದ ಭವಾನಿಪುರಂ ಆಫೀಸಿಗೆ ಮುಟ್ಟಬೇಕಿತ್ತು. ಬಸ್ಸಿನ ಮೇಲೆ ಹಾಕಿ ಕಳಿಸುತ್ತೇನೆಂದೆ. ಖರೀದಿ ಅಧಿಕಾರಿ ಒಪ್ಪಲಿಲ್ಲ.

"ಲೇದಂಡಿ. ಮುಂದೆ ಮಾಲು ಯಾವ ಗಾಡಿಯಲ್ಲಿ ಬರುತ್ತೋ ಮಾದರಿಯೂ ಅದೇ ಗಾಡಿಯಲ್ಲಿ ಬರಬೇಕು. ರೂಲ್ಸು."

ಹತ್ತು ಚಕ್ರದ ಲಾರಿಯಲ್ಲಿ ಒಂದೇ ಒಂದು ಚೀಲ, ಮದುವೆ ಗಂಡಿನ ಹಾಗೆ ಕೂತು ಹೊರಟಿತು. ದಾರಿಯಲ್ಲಿ ಚೆಕ್‌ಪೋಸ್ಟಿನವನು ಹತ್ತಿ ನೋಡಿ, ಇಳಿದು, ಮತ್ತೆ ಹತ್ತಿ ನೋಡಿದನಂತೆ. "ಉಳಿದದ್ದು ಎಲ್ಲಿ ಇಳಿಸಿದೆ, ನಿಜ ಹೇಳು" ಅಂತ ಡ್ರೈವರನಿಗೆ ಒಂದು ಗಂಟೆ ವಿಚಾರಣೆ.

ಹೊಗೆ ಕಡಿಮೆ ಮಾಡುವ ಪುಡಿ ದಾರಿಯುದ್ದಕ್ಕೂ ಡೀಸೆಲ್ ಹೊಗೆ ಕಾರಿಕೊಂಡು ಭವಾನಿಪುರಂ ತಲುಪಿತು. ಅಧಿಕಾರಿ ಚೀಲ ಮುಟ್ಟಿ ನೋಡಿ ನನಗೆ ಫೋನ್ ಮಾಡಿದರು.

"ಮಾದರಿ ಎರಡು ಬೇಕಲ್ಲಾಂಡಿ. ಇನ್ನೊಂದು ಲಾರಿ ಎಲ್ಲಿ?"

ಊಟದ ಎಲೆ

ಸೈಟಿನ ಲ್ಯಾಬಿನಲ್ಲಿದ್ದವರು ಹಾಸನದ ಹುಡುಗಿ, ಇಂಜಿನಿಯರು. ಎಲ್ಲರಿಗೂ ಮೇಡಂ. ಹಸಿ ಕಾಂಕ್ರೀಟು ತೊಳೆದು, ಅಯಸ್ಕಾಂತದಲ್ಲಿ ಎಳೆ ಹೆಕ್ಕಿ ತೂಗುವುದು ಅವರ ಕೆಲಸ. ಒಂದು ದಿನ ನನ್ನನ್ನು ಕರೆಸಿದರು.

"ಅಂಕಲ್, ಎಳೆ ತೂಕಕ್ಕೆ ಬರ್ತಾ ಇಲ್ಲ. ಕಳಿಸೋದೇ ಕಡಿಮೆನಾ?"

"ಇಪ್ಪತ್ತು ವರ್ಷದಲ್ಲಿ ಈ ಮಾತು ಯಾರೂ ಆಡಿರಲಿಲ್ಲಮ್ಮ" ಅಂದೆ.

"ಇಪ್ಪತ್ತು ವರ್ಷದಿಂದ ಯಾರೂ ತೂಗಿರಲಿಲ್ವೇನೋ" ಅಂದರು.

ಮುಖ ಸಣ್ಣಗೆ ಮಾಡಿಕೊಂಡು ಅವರ ಜೊತೆಗೇ ಮೆಸ್ಸಿಗೆ ಹೋದೆ. ಅಲ್ಲಿ ಊಟ ಒಣ ಎಲೆ ಹೊಲಿದ ತಟ್ಟೆಯಲ್ಲಿ. ಅನ್ನ ಕಲಸುತ್ತಿದ್ದ ಮೇಡಂ ಬೆರಳಿಗೆ ಏನೋ ಚುಚ್ಚಿತು. ಎಲೆ ಮಗುಚಿ ನೋಡಿದರೆ, ಕಡ್ಡಿ ಚುಚ್ಚಬೇಕಾದ ಕಡೆಯೆಲ್ಲ ಮಿರಮಿರ ಮಿಂಚುತ್ತಿವೆ ನನ್ನ ಎಳೆಗಳು!

ಅಡುಗೆಯಮ್ಮ ಅಳುಕಲಿಲ್ಲ. "ಕಡ್ಡಿ ಮುರಿಯುತ್ತೆ ತಾಯಿ. ಇದು ಹಾಕಿದ ಮೇಲೆ ಒಂದು ಹನಿ ಪಪ್ಪುಚಾರು ಸೋರಿದೆಯಾ, ನೀವೇ ಹೇಳಿ."

ಸೋರಿರಲಿಲ್ಲ. ನಾನು ಅಂದೆ: "ಬರ್ಕೊಳ್ಳಿ ಮೇಡಂ. ಎಲೆಯಲ್ಲಿ ಪಾಸು, ಸುರಂಗದಲ್ಲಿ ಆಮೇಲೆ ನೋಡೋಣ."

ಗಟ್ಟಿಯಾಗುತ್ತಲೇ ಹೋದ ಕಾಂಕ್ರೀಟು

ಪುಡಿಯ ಆರ್ಡರು ಕೊನೆಗೆ ನನಗೇ ಸಿಕ್ಕಿತು, ಆದರೆ ಮೂರು ತಿಂಗಳು ತಡವಾಗಿ. ಆ ತಡಕ್ಕೆ ಕಾರಣ ಒಬ್ಬ ಒಳ್ಳೆಯ ಮನುಷ್ಯ.

ಯಂತ್ರದಲ್ಲಿ ಒಡೆದು ಬಲ ನೋಡುವ ಕಾಂಕ್ರೀಟು ಗಟ್ಟಿ, ಅಂದರೆ ಕ್ಯೂಬು, ಎರಕ ಹೊಯ್ಯುತ್ತಿದ್ದವನು ಮಡಕಶಿರಾ ಕಡೆಯ ಮೇಸ್ತ್ರಿ. ಗಡಿಯವನಾದ್ದರಿಂದ ನನ್ನ ಹತ್ತಿರ ಕನ್ನಡವನ್ನೇ ಆಡುತ್ತಿದ್ದ. ಪುಡಿಯ ಮೇಲೆ ಅವನಿಗೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. "ಬೂದಿಯಲ್ಲಿ ಬೆಟ್ಟ ನಿಲ್ಲುತ್ತಾ ಸಾರ್?" ಅಂತ ನನ್ನನ್ನು ನೋಡಿ ಮರುಗುತ್ತಿದ್ದ.

ಮೊದಲ ಸಲ ಕಾಲು ಭಾಗ ಸಿಮೆಂಟು ಇಳಿಸಿದರು. ಕ್ಯೂಬು ಗಟ್ಟಿ ನಿಂತಿತು. ಎರಡನೇ ಸಲ ಅರ್ಧ ಇಳಿಸಿದರು. ಇನ್ನೂ ಗಟ್ಟಿ! ಮೂರನೇ ಸಲ ಮುಕ್ಕಾಲು ಇಳಿಸಿದರೆ ಒಡೆಯುವ ಯಂತ್ರವೇ ನರಳಿತು. ನನಗೆ ಒಳಗೊಳಗೇ ಕಸಿವಿಸಿ. ನನ್ನ ಮಾಲು ನಾನು ಹೊಗಳಿದ್ದಕ್ಕಿಂತ ಚೆನ್ನಾಗಿದೆ ಅಂದರೆ ಎಲ್ಲೋ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ.

ವಿಜಯವಾಡದಿಂದ ಸಲಹೆಗಾರರು ಧಾವಿಸಿ ಬಂದರು. ರಿಟೈರಾದ ಪ್ರೊಫೆಸರ್. ಕ್ಯೂಬನ್ನು ಮೊಮ್ಮಗುವಿನ ಹಾಗೆ ಎತ್ತಿಕೊಂಡು, "ಸಿಮೆಂಟು ಇಳಿಸಿದಷ್ಟೂ ಬಲ ಏರುತ್ತಿದೆ! ಇಂಥದ್ದು ಪ್ರಪಂಚದಲ್ಲೇ ಇಲ್ಲ. ಇವತ್ತು ಸಿಮೆಂಟೇ ಇಲ್ಲದೆ ಒಂದು ಹೊಯ್ಯಿರಿ, ನಾನೇ ಎದುರಿಗೆ ನಿಲ್ಲುತ್ತೇನೆ" ಅಂದರು. ಮೇಡಂ ಪೆನ್ನು ತೆರೆದು ಸಿದ್ಧರಾದರು.

ಮೇಸ್ತ್ರಿ ಮುಖ ಬಿಳುಚಿತು. ನನ್ನ ಪಕ್ಕಕ್ಕೆ ಬಂದ. ಕನ್ನಡ ಅಲ್ಲಿ ನಮ್ಮಿಬ್ಬರಿಗೇ ಗೊತ್ತು ಅಂತ ಅವನ ಧೈರ್ಯ. ಮೇಡಂ ಅವನ ಹತ್ತಿರ ಯಾವತ್ತೂ ತೆಲುಗು ಬಿಟ್ಟು ಬೇರೆ ಆಡಿರಲಿಲ್ಲ. ಹಾಗಾಗಿ ಪಿಸುಗುಟ್ಟುವ ಗೋಜಿಗೂ ಹೋಗದೆ, ಅವರ ಎದುರಿಗೇ, ಧಾರಾಳವಾಗಿ ಕೇಳಿದ:

"ಹೆದರಬೇಡಿ ಸಾರ್, ನಿಮ್ಮ ಆರ್ಡರು ಹೋಗೋಕೆ ನಾನು ಬಿಡಲ್ಲ. ಪ್ರೊಫೆಸರನ್ನ ಟೀ ಕುಡಿಯೋಕೆ ಕರ್ಕೊಂಡು ಹೋಗಿ. ಅದಿರಲಿ, ಈ ಸಿಮೆಂಟೇ ಇಲ್ಲದ ಕ್ಯೂಬಿಗೆ ಸಿಮೆಂಟು ಎಷ್ಟು ಹಾಕಲಿ? ಹೋದ ಸಲದ ಹಾಗೆ ಎರಡು ಬಾಂಡ್ಲಿ ಸಾಕಾ?"