ಎಮ್ಮೆ ಒಪ್ಪಿದ ಸೆಂಟು

“ನಾಳೆ ಹೊತ್ತ ಮುಳಗೂದ್ರಾಗ ಈ ಎಮ್ಮಿ ಹಾಲ ಕೊಡಲಿಲ್ಲಂದ್ರ, ನನ್ನ ಹೆಸರ ಮುರಗೆಪ್ಪ ಅಲ್ಲ!”

ಉಗಾರ ಖುರ್ದದ ಮುರಗೆಪ್ಪನವರು ಅಂಗಳದ ನಡುವೆ ನಿಂತು ಹೀಗೆ ಗುಡುಗಿದಾಗ ಕೇಳಿಸಿಕೊಂಡವರು ಮೂವರು: ಹೆಂಡತಿ ಮಂಗಲ, ಸೊಸೆ ಮನೀಷಾ, ಮತ್ತು ಯಾರ ಮೇಲೆ ಶಪಥವೋ ಆ ಕಾಶಿ. ಹೆಂಗಸರಿಬ್ಬರೂ ನಿಟ್ಟುಸಿರು ಬಿಟ್ಟರು. ಕಾಶಿ ಸಗಣಿ ಹಾಕಿತು.

ಕಾಶಿ ಎಂದರೆ ಕತ್ತಿಯಂಥ ಕೋಡಿನ ಪಂಢರಪುರಿ ಎಮ್ಮೆ. ಮುರಗೆಪ್ಪನವರ ತಾಯಿ ಶಿವಗಂಗವ್ವ ಸಾಕಿ ಬೆಳೆಸಿದ್ದು. ಮುದುಕಿಯ ಕೈ ಬಿಟ್ಟರೆ ಬೇರೆ ಕೈಯನ್ನು ಅದರ ಕೆಚ್ಚಲು ಅರಿಯದು. ಬೇಸಿಗೆಯಲ್ಲಿ ಮುದುಕಿ ತೀರಿಕೊಂಡ ಮೇಲೆ ಮಂಗಲ, ದನ ಕಟ್ಟಿದ ಮನೆಯವರೆಲ್ಲ ಮಾಡುವಂತೆ, ಅತ್ತೆಯ ಹಳೆಯ ಸೀರೆ ಉಟ್ಟು ಹಾಲು ಹಿಂಡಲು ಕುಳಿತಳು. ಕಾಶಿ ಸೀರೆ ಮೂಸಿತು, ನಂಬಿತು, ಹಾಲಿಳಿಸಿತು.

ಕೆಡಿಸಿದವರು ಮುರಗೆಪ್ಪನವರೇ. ಶುಚಿತ್ವದಲ್ಲಿ ತಮ್ಮನ್ನು ಮೀರಿಸುವವರು ಕೃಷ್ಣೆಯ ಎರಡೂ ದಂಡೆಯಲ್ಲಿ ಇಲ್ಲವೆಂಬುದು ಅವರ ನಂಬಿಕೆ. “ಏನ ನಾತ ಇದು! ಬೀಗರು ಬಂದ್ರ ಮೂಗ ಮುಚ್ಕೋತಾರ” ಎಂದವರೇ ಆ ಸೀರೆಯನ್ನು ವಾಷಿಂಗ್ ಮಷೀನಿಗೆ ತುರುಕಿ, ಪುಡಿ ಸುರಿದು, ಸ್ವಹಸ್ತದಿಂದ ಗುಂಡಿ ಒತ್ತಿದರು. ಸೀರೆ ಹೂವಿನ ಹಾಗೆ ಹೊರಗೆ ಬಂತು. ಅದರೊಳಗಿದ್ದ ಮುದುಕಿ ನೊರೆಯ ಜೊತೆ ಮೋರಿಗೆ ಹರಿದು ಹೋದಳು!

ಅವತ್ತಿನಿಂದ ಕಾಶಿ ಯಾರನ್ನೂ ಹತ್ತಿರ ಬಿಡುತ್ತಿಲ್ಲ.

“ಕೆಚ್ಚಲ ಕಲ್ಲಾಗೇತ್ರಿ” ಎಂದಳು ಮಂಗಲ. “ನಾಳೆ ಇಳಸಲಿಲ್ಲಂದ್ರ ಬಾವು ಬರತೈತಿ, ಎಮ್ಮಿ ಕೈಬಿಟ್ಟ ಹೋಗತೈತಿ ಅಂತ ಡಾಕ್ಟರ್ ಹೇಳಿ ಹೋಗ್ಯಾರ. ಸಾಯೂ ಹೊತ್ತಿನ್ಯಾಗ ಅತ್ತಿ ನಿಮ್ಮ ಕೈ ಹಿಡದ ಏನಂದಿದ್ರು? ‘ಕಾಶೀನ ಸಂಭಾಳ್ಸು’ ಅಂದಿದ್ರಿಲ್ಲೋ?”

“ಅದಕ್ಕ ಶಪಥ ಮಾಡೇನಲ್ಲ!”

“ಶಪಥ ಕೇಳಿ ಎಮ್ಮಿ ಹಾಲ ಕೊಡತೈತೇನ್ರಿ?”

ಆಗ ಮನೀಷಾ ಮೆಲ್ಲಗೆ ಬಾಯಿ ಬಿಟ್ಟಳು. “ಮಾವಾರ, ಅಜ್ಜಿ ಅಂದ್ರ ಅಲ್ಲದ ಚಾದ ವಾಸನಿ. ಹೌದಲ್ರಿ?”

ಹೌದು. ಹಸಿಶುಂಠಿಗೆ ಆ ಕಡೆ ‘ಅಲ್ಲ’ ಎನ್ನುತ್ತಾರೆ. ಶಿವಗಂಗವ್ವ ಅದನ್ನು ಜಜ್ಜಿದ ಕೈಯಲ್ಲೇ ಹಾಲು ಹಿಂಡಲು ಕೂರುತ್ತಿದ್ದಳು. ಕುದಿಯುವ ಚಹಾದ ಹಬೆ ಅವಳ ಕೂದಲಿನೊಳಗೂ ಇರುತ್ತಿತ್ತು. ಮನೀಷಾ ಒಳಗೆ ಹೋಗಿ ಪುಟ್ಟ ಬಾಟಲಿಯೊಂದನ್ನು ತಂದಳು. ಮೊಬೈಲಿನಲ್ಲಿ ತರಿಸಿದ ಸೆಂಟು. ಚಹಾ ಮತ್ತು ಶುಂಠಿಯದು!

“ಚಾ ಕುಡಿಯೂದ ಬಿಟ್ಟ ಮೈಗಿ ಹಚಗೊಳ್ಳಾಕತ್ತೀರೇನ?” ಎಂದರು ಮುರಗೆಪ್ಪನವರು.

“ಒಬ್ಬೊಬ್ಬರ ಮೈಮ್ಯಾಗ ಒಂದೊಂದ ನಮೂನಿ ವಾಸನಿ ಬರತೈತ್ರಿ. ಯಾರ್ದರ ಮೈಮ್ಯಾಗ ಅಜ್ಜಿದು ಬಂದೀತು.”

ಮರುದಿನ ಕೊಟ್ಟಿಗೆಯಲ್ಲಿ ಪರೀಕ್ಷೆ ನಡೆಯಿತು. ಪರೀಕ್ಷಕಿ ಕಾಶಿ. ಮೊದಲು ಮನೀಷಾ ಹಚ್ಚಿಕೊಂಡಳು. ಅವಳ ಮೈಮೇಲೆ ಅದು ಮಂಜು ಬಿದ್ದ ಚಹಾದ ಎಳೆ ಚಿಗುರು. ಕಾಶಿ ಸೀನಿತು. ಮಗ ರೋಹನ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಬಂದು ಹಚ್ಚಿಕೊಂಡ. ಅವನ ಮೈಮೇಲೆ ಅದೇ ಸೆಂಟು ಬೆಳಗಿನಿಂದ ಕುದಿಯುತ್ತಿರುವ ದಾರಿಬದಿಯ ಚಹಾ, ಮೇಲೆ ಒಂದು ಹನಿ ಡೀಸೆಲ್! ಕಾಶಿ ಬೆನ್ನು ತಿರುಗಿಸಿತು. ಮಂಗಲಳ ಮೈಮೇಲೆ ನೆಗಡಿಯ ಕಷಾಯವಾಯಿತು. ಕಾಶಿ ಅವಳನ್ನು ಬಹಳ ಹೊತ್ತು ಅನುಮಾನದಿಂದ ನೋಡಿ, ಬಕೀಟು ಒದೆಯಿತು.

“ಸರೀರಿ ಎಲ್ಲಾರೂ” ಎಂದು ಮುರಗೆಪ್ಪನವರು ಮುಂದೆ ಬಂದರು. ಎಂದೂ ಹಾಲು ಹಿಂಡದ ಮಹಾಪುರುಷರು! ಧೋತರದ ಮೇಲೆ ತಾಯಿಯ ಸೀರೆ ಸುತ್ತಿಕೊಂಡು, ಉಳಿದ ಸೆಂಟನ್ನು ಕುತ್ತಿಗೆಗೆ, ಕಂಕುಳಿಗೆ, ಮುಂಗೈಗೆ ಸಿಂಪಡಿಸಿಕೊಂಡರು.

“ಅಗಬಾಯೀ, ಬಾಟ್ಲಿ ಖಾಲಿ ಆತ್ರಿ ಮಾವಾರ!”

ಯಾವ ವಾಸನೆಯೂ ಬರಲಿಲ್ಲ. ಎಲ್ಲರೂ ಮೂಸಿ ನೋಡಿದರು. ಏನೂ ಇಲ್ಲ. ಮಂಗಲ ತುಟಿ ಕಚ್ಚಿಕೊಂಡು ಒಳಗೆ ಹೋದಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ಮುರಗೆಪ್ಪನವರು ಕಂಡರು. ಸೀರೆ ಬಿಚ್ಚಲೂ ಮನಸ್ಸಾಗದೆ ಅವರು ಕಟ್ಟೆಯ ಮೇಲೆ ಕುಳಿತೇಬಿಟ್ಟರು.

ಹೊತ್ತು ಇಳಿಯಿತು. ಕರೆಂಟು ಹೋಯಿತು. ಒಲೆ ಇನ್ನೂ ಹೊತ್ತಿಸಿರಲಿಲ್ಲ. ಆದರೂ ಎಲ್ಲಿಂದಲೋ ಚಹಾಪುಡಿ ಕುದಿಯುವ ವಾಸನೆ ಬಂತು. ಅದರ ಹಿಂದೆ ಶುಂಠಿ. ಅದರ ಹಿಂದೆ ಹೊಗೆ. ಎಲ್ಲಕ್ಕಿಂತ ಹಿಂದೆ, ತೀರ ಮೆಲ್ಲಗೆ, ನಿಪ್ಪಾಣಿ ತಂಬಾಕು. ಮುರಗೆಪ್ಪನವರು ತಮ್ಮ ಮುಂಗೈ ಮೂಸಿಕೊಂಡರು. ತಂಬಾಕನ್ನು ಅವರು ಮುಟ್ಟುವುದಿಲ್ಲ. ಸೆಂಟಿನ ಬಾಟಲಿಯಲ್ಲಿ ತಂಬಾಕು ಇರಲಿಲ್ಲ. ದವಡೆಯಲ್ಲಿ ತಂಬಾಕು ಇಟ್ಟುಕೊಳ್ಳುತ್ತಿದ್ದವಳು ಆ ಮನೆಯಲ್ಲಿ ಒಬ್ಬಳೇ.

ದೀಪ ಹಿಡಿದು ಹೊರಗೆ ಬಂದ ಮಂಗಲ ಹೊಸ್ತಿಲಲ್ಲೇ ನಿಂತಳು. ಅವಳ ಕೈ ತಾನಾಗಿ ಮೇಲೆದ್ದು ಸೆರಗನ್ನು ತಲೆಯ ಮೇಲೆ ಎಳೆಯಿತು.

“ಯಾಕ ಸೆರಗ ಹೊತ್ತೀಯ?” ಎಂದರು ಮುರಗೆಪ್ಪನವರು.

“ನಾನೆಲ್ಲಿ ಹೊತ್ತೇನ್ರಿ?” ಎಂದಳು ಅವಳು, ಸೆರಗು ಹಿಡಿದುಕೊಂಡೇ.

ಕೊಟ್ಟಿಗೆಯಿಂದ ಕಾಶಿ ಕೂಗಿತು. ಬೇಸಿಗೆಯಿಂದ ಈಚೆಗೆ ಅದು ಹಾಗೆ ಕೂಗಿರಲಿಲ್ಲ. ಮುರಗೆಪ್ಪನವರು ಹೋಗಿ ಕುಕ್ಕರಗಾಲಲ್ಲಿ ಕುಳಿತರು. ಕಾಶಿ ಅವರ ಕುತ್ತಿಗೆ ಮೂಸಿತು, ತಲೆ ನೆಕ್ಕಿತು, ಕಣ್ಣು ಮುಚ್ಚಿತು. ಬಕೀಟಿನಲ್ಲಿ ಹಾಲು ಸೊರ್ರೆಂದಿತು. ಗೆದ್ದ ಸಂತೋಷಕ್ಕೆ “ನೋಡಿದ್ಯಾ!” ಎನ್ನಲು ಹೋದರು. ಗಂಡುದನಿ ಕೇಳಿದ್ದೇ ತಡ, ಕಾಶಿ ಹಿಂಗಾಲು ಎತ್ತಿತು. ಮುರಗೆಪ್ಪನವರು ಬಾಯಿ ಮುಚ್ಚಿದರು. ಜೀವಮಾನದಲ್ಲಿ ಮೊದಲ ಸಲ!

ಅಷ್ಟರಲ್ಲಿ ಕೋಲಿನ ಸದ್ದು ಕೇಳಿಸಿತು. ಪಕ್ಕದ ಮನೆಯ ಲಗಮವ್ವ, ಶಿವಗಂಗವ್ವನ ಜೀವದ ಗೆಳತಿ. ಅವಳ ಕಣ್ಣು ಮಂಜು, ನೆನಪು ಅದಕ್ಕಿಂತ ಮಂಜು. ಮೂಗು ಮಾತ್ರ ಚುರುಕು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಉಸಿರೆಳೆದು, ಏನೂ ವಿಶೇಷವಿಲ್ಲವೆಂಬಂತೆ ಕೇಳಿದಳು:

“ಶಿವಗಂಗಿ, ಚಾ ಆತೇನ ಬೇ?”

ಮುರಗೆಪ್ಪನವರು ಸುಮ್ಮನಿರಬೇಕೆಂದುಕೊಂಡರು. ಆದರೆ ಅವರ ಬಾಯಿ ತೆರೆಯಿತು. ಒಳಗಿನಿಂದ ಗೊಗ್ಗರು ಹೆಣ್ಣುದನಿಯೊಂದು ಹೊರಗೆ ಬಂತು.

“ಆಗತೈತಿ, ಕುಂದರ ಲಗಮಿ.”

ಕಾಶಿ ಅಲುಗಲಿಲ್ಲ. ಹಾಲು ನಿಲ್ಲಲಿಲ್ಲ. ಲಗಮವ್ವ ಕುಳಿತುಕೊಂಡಳು.

“ಮಗ ಹೆಂಗದಾನ? ಇನ್ನೂ ಹಂಗ ದೊಡ್ಡ ದೊಡ್ಡ ಮಾತ ಆಡತಾನೇನ?”

ಹಲ್ಲು ಕಚ್ಚಿ ಹಿಡಿದರು ಮುರಗೆಪ್ಪನವರು. ಪ್ರಯೋಜನವಾಗಲಿಲ್ಲ.

“ಬಾಯಿ ದೊಡ್ಡದು, ಕೈ ಸಣ್ಣದು. ನನ್ನ ಸೀರಿ ಒಗದು ಹಾಕಿದ ಶಾಣ್ಯಾ! ಇವತ್ತ ಹಾಲ ಹಿಂಡಾಕ ಕುಂತಾನ. ಇರಲಿ, ಕಲೀತಾನ.”

ಇಬ್ಬರೂ ನಕ್ಕರು. ಲಗಮವ್ವನದು ಕೊಟ್ಟಿಗೆಯ ಬಾಗಿಲಿನಿಂದ ಬಂದ ನಗೆ. ಇನ್ನೊಂದು, ಮುರಗೆಪ್ಪನವರ ಗಂಟಲಿನಿಂದ.

ಬಕೀಟು ತುಂಬಿತು. ಕೆಚ್ಚಲು ಮೆತ್ತಗಾಯಿತು. ಎಮ್ಮೆ ಉಳಿಯಿತು.

ಮುರಗೆಪ್ಪನವರು ನೇರ ಬಚ್ಚಲಿಗೆ ಓಡಿದರು. ಸಾಬೂನು, ಕಡಲೆಹಿಟ್ಟು, ಸೀಗೆಕಾಯಿ, ಕೊನೆಗೆ ಆ ವಾಷಿಂಗ್ ಪುಡಿ! ತಾಯಿಯನ್ನು ಸೀರೆಯಿಂದ ತೊಳೆದು ಕಳಿಸಿದ್ದ ಅದೇ ಪುಡಿ ಅವರ ಮೈಮೇಲೆ ಸೋತಿತು. ಬಾಟಲಿ ಖಾಲಿಯಾಗಿ ಈಗ ವಾರಗಳೇ ಕಳೆದಿವೆ. ಸಂಜೆಯಾಯಿತೆಂದರೆ ಅವರ ಕುತ್ತಿಗೆಯಿಂದ ಶುಂಠಿ ಚಹಾ ಏಳುತ್ತದೆ, ಹಿಂದೆಯೇ ತಂಬಾಕು. ಲಗಮವ್ವ ದಿನವೂ ಬರುತ್ತಾಳೆ.

ನಿನ್ನೆ ಸಂಜೆ ಮಂಗಲ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

“ಎಮ್ಮಿ ಹಾಲ ಕೊಡಲಿಲ್ಲಂದ್ರ ನನ್ನ ಹೆಸರ ಮುರಗೆಪ್ಪ ಅಲ್ಲ ಅಂದಿದ್ರಿ. ಎಮ್ಮಿ ಹಾಲ ಕೊಡಾಕತ್ತೈತಿ. ಖರೇ ಹೇಳ್ರಿ, ಈಗ ನಿಮ್ಮ ಹೆಸರೇನ?”

“ಏನ ಕೇಳತೀ ನೀ! ನಾನು...” ಎಂದು ಮುರಗೆಪ್ಪನವರು ಎದೆಯುಬ್ಬಿಸಿದರು.

ಅಷ್ಟರಲ್ಲಿ ಕೊಟ್ಟಿಗೆಯಿಂದ ಕಾಶಿ ಕೂಗಿತು.

“ಬಂದ್ನಿ ನನ್ನವ್ವಾ, ಬಂದ್ನಿ!” ಎಂದಿತು ಅವರ ಬಾಯಿ. ಕೈ ಆಗಲೇ ಬಕೀಟು ಎತ್ತಿಕೊಂಡಿತ್ತು.

ಮಂಗಲ ಸೆರಗು ಎಳೆದುಕೊಂಡು, ಅತ್ತೆಗೆ ದಾರಿ ಬಿಟ್ಟು ನಿಂತಳು.