ಬಕೆಟ್ಟಿನ ತಳದ ಬೆಳಕು

ಎಲ್ಲದಕ್ಕೂ ಕಾರಣ ಒಂದು ಸ್ಟೀಲ್ ಬಕೆಟ್ಟು. ಎದುರು ಮಹಡಿಯಲ್ಲಿ, ವಠಾರದ ಸಂಘದ ಕಾರ್ಯದರ್ಶಿಯವರ ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಅದನ್ನು ಯಾರೋ ಬೋರಲು ಹಾಕಿದ್ದರು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ಅದರ ತಳಕ್ಕೆ ಬಿದ್ದದ್ದೇ ತಡ, ಬೆಳಕಿನ ಸೂಜಿಯೊಂದು ಚಿಮ್ಮಿತು. ಕರಡಿ ತನ್ನ ಹಳೇ ರೀಲು ಕ್ಯಾಮೆರಾ ಎತ್ತಿ ಕ್ಲಿಕ್ಕಿಸಿಯೇಬಿಟ್ಟ. ಮೂವತ್ತಾರನೆಯದು, ರೀಲಿನ ಕೊನೆಯ ಪಟ.

ಕರಡಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅದು ವಠಾರದವರ ಬಾಯಲ್ಲಿ ಕರಡಿಯಾಗಿತ್ತು. ಊರಿನವರ ತಪ್ಪನ್ನೆಲ್ಲ ತಿದ್ದುವವನಿಗೆ ಈ ಒಂದು ಅಕ್ಷರದ ತಪ್ಪನ್ನು ಮಾತ್ರ ಹದಿನಾಲ್ಕು ವರ್ಷದಿಂದ ತಿದ್ದಲಾಗಿರಲಿಲ್ಲ. ವಾರವೆಲ್ಲ ಕಪ್ಪು ಅಕ್ಷರ ನೋಡಿ ನೋಡಿ ದಣಿದ ಕಣ್ಣಿಗೆ ಭಾನುವಾರ ಬೇಕಾಗುತ್ತಿದ್ದದ್ದು ಹೊಳಪು. ನಲ್ಲಿಯ ತುದಿಯ ಹನಿ, ಸ್ಕೂಟರಿನ ಕನ್ನಡಿ, ಲೋಟದಲ್ಲಿಟ್ಟ ಚಮಚ, ಏನೇ ಮಿಂಚಲಿ, ಇಲಿಗೆ ಕಾದ ಬೆಕ್ಕಿನಂತೆ ಕಾದು ಹಿಡಿಯುತ್ತಿದ್ದ. ಈ ರೀಲು ತುಂಬಲು ನಾಲ್ಕು ತಿಂಗಳು ಹಿಡಿದಿತ್ತು.

ಬಕೆಟ್ಟಿನ ಪಕ್ಕದ ಕಿಟಕಿಯಲ್ಲಿ ಕಾರ್ಯದರ್ಶಿಯವರ ಹೆಂಡತಿ ತಲೆ ಬಾಚಿಕೊಳ್ಳುತ್ತಿದ್ದುದನ್ನು ಅವನು ನೋಡಿಯೇ ಇರಲಿಲ್ಲ. ಆಕೆ ಅವನನ್ನು ನೋಡಿದ್ದರು.

"ಅಯ್ಯಯ್ಯೋ! ಕರಡಿ ನನ್ನ ಫೋಟೋ ಹೊಡೀತಿದಾನೆ!"

ಕೂಗು ಅಂಗಳ ಮುಟ್ಟುವುದರೊಳಗೆ ಕಾರ್ಯದರ್ಶಿಯವರು ಕರಡಿಯ ಬಾಗಿಲು ಮುಟ್ಟಿದ್ದರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಸೋಪಿನ ನೊರೆ.

"ಏನ್ರೀ ಇದು? ಹೆಂಗಸರು ತಲೆ ಬಾಚ್ಕೊಳ್ಳೋದನ್ನ ಕದ್ದು ಫೋಟೋ ತೆಗೀತೀರಾ?"

"ನಾನು ತೆಗೆದದ್ದು ಬಕೆಟ್ಟು, ಸಾರ್!"

"ಬಕೆಟ್ಟಾ?"

"ಬಕೆಟ್ಟಿನ ತಳ."

ನಿಜ ಹೇಳುವವನ ಹಣೆಬರಹವೇ ಇಷ್ಟು. ಹಕ್ಕಿ ಎಂದಿದ್ದರೆ ನಂಬುತ್ತಿದ್ದರೇನೋ. ಮೆಟ್ಟಿಲ ತುಂಬ ಜನ ಸೇರಿದರು. ಕೆಳಮನೆಯ ಅಜ್ಜಿ ಬೊಚ್ಚುಬಾಯಿ ಮುಚ್ಚಿಕೊಂಡು, "ಮೊನ್ನೆ ನಾನು ಮುಖ ತೊಳೀವಾಗ್ಲೂ ನಲ್ಲಿ ಮುಂದೆ ಕ್ಯಾಮೆರಾ ಹಿಡ್ಕೊಂಡು ಕೂತಿದ್ದಪ್ಪ," ಎಂದು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ನಾಚಿಕೊಂಡಳು.

"ಅದು ನಲ್ಲಿಯ ಹನಿ, ಅಜ್ಜೀ!" ಕರಡಿ ಚೀರಿದ.

ಒಳಗಿಂದ ಅವನ ಹೆಂಡತಿ ಬಂದಳು. "ರೀ, ನಿಜ ಹೇಳಿ," ಎಂದಳು. ಕರಡಿಗೆ ಮೈಯೆಲ್ಲ ಉರಿದುಹೋಯಿತು. ಹೊರಗಿನವರು ಕಲ್ಲು ಹೊಡೆದರೆ ತಡೆದುಕೊಳ್ಳಬಹುದು. ಮನೆಯವಳು ಹೂವೆಸೆದರೂ ತಡೆಯಲಾಗದು.

ಕಾರ್ಯದರ್ಶಿಯವರು ತೀರ್ಪು ಕೊಟ್ಟರು. "ರೀಲು ಹೊರಗೆ ಎಳೆದು ಬಿಸಿಲಿಗೆ ಹಿಡೀರಿ. ಅಲ್ಲಿಗೆ ಮುಗೀತು."

ಕರಡಿ ಕ್ಯಾಮೆರಾವನ್ನು ಎದೆಗವಚಿಕೊಂಡ. "ಯಾಕೆ ಹಾಳು ಮಾಡ್ಬೇಕು? ನಾನೇನು ತಪ್ಪು ಮಾಡಿದೀನಿ? ಈಗ್ಲೇ ಸ್ಟುಡಿಯೋಗೆ ಹೋಗಿ ರೀಲು ತೊಳೆಸೋಣ, ಎಲ್ರೂ ಬನ್ನಿ! ಒಂದೇ ಒಂದು ಪಟದಲ್ಲಿ ನಿಮ್ಮನೆಯವರ ಕೂದಲೆಳೆ ಕಂಡ್ರೂ ಇವತ್ತೇ ಮನೆ ಖಾಲಿ ಮಾಡ್ತೀನಿ. ಕಾಣದಿದ್ರೆ ನೀವು ಎಲ್ರ ಮುಂದೆ ಕ್ಷಮೆ ಕೇಳ್ಬೇಕು!"

"ಮನೆ ಖಾಲಿ ಮಾಡೋದಕ್ಕೆ ನನ್ನನ್ನ ಕೇಳಿದ್ರಾ?" ಎಂದಳು ಹೆಂಡತಿ. ಆದರೆ ಬಾಯಿಂದ ಬಿದ್ದ ಮಾತು ಮೆಟ್ಟಿಲಿಳಿದು ಬೀದಿ ಸೇರಿಯಾಗಿತ್ತು.

ಮುಂದೆ ಕರಡಿ, ಹಿಂದೆ ಇನ್ನೊಂದು ಕೆನ್ನೆಯ ನೊರೆ ಒರೆಸಿಕೊಂಡ ಕಾರ್ಯದರ್ಶಿ, ಇಬ್ಬರು ಹೆಂಡತಿಯರು, ಕೊನೆಗೆ ಅಜ್ಜಿ. ನೋಡಿದವರೆಲ್ಲ ಏನು ಏನು ಎಂದು ಕೇಳಿದರು, ಅಜ್ಜಿ ಒಬ್ಬರನ್ನೂ ಬಿಡದೆ ಹೇಳಿದಳು. ಕ್ಷೌರದಂಗಡಿ ದಾಟುವಾಗ ಕರಡಿ ಒಬ್ಬರ ಫೋಟೋ ತೆಗೆದಿದ್ದ. ಅಂಚೆ ಕಚೇರಿ ದಾಟುವಾಗ ಮೂರು ಮನೆಯವರದ್ದಾಗಿತ್ತು. ಸ್ಟುಡಿಯೋ ಮುಟ್ಟುವ ಹೊತ್ತಿಗೆ ಅವನಿಗೆ ಜಾಮೀನೂ ನಿರಾಕರಿಸಲಾಗಿತ್ತು.

ತೊಳೆದು ಪ್ರಿಂಟ್ ಹಾಕಲು ಒಂದೂವರೆ ಗಂಟೆ ಬೇಕಿತ್ತು. ಬೆಂಚಿನ ಮೇಲೆ ಕೂತ ಕರಡಿ ಮನಸ್ಸಿನಲ್ಲೇ ಅಳತೆ ಹಾಕಿದ. ಬಕೆಟ್ಟಿಗೂ ಕಿಟಕಿಗೂ ನಡುವೆ ಒಂದು ಮೊಳ ದೂರ. ಪಟದ ಅಂಚಿನಲ್ಲಿ ಆಕೆಯ ಮೊಣಕೈ ಬಂದಿದ್ದರೆ? ಬಾಚಣಿಗೆ ಬಂದಿದ್ದರೆ? ಮೊಣಕೈಯೊಂದರ ಸಲುವಾಗಿ ಮನೆ ಖಾಲಿ!

ಸ್ಟುಡಿಯೋದವನು ಸಪ್ಪೆ ಮುಖ ಹೊತ್ತು ಬಂದ. "ಬೇಜಾರು ಮಾಡ್ಕೋಬೇಡಿ ಸಾರ್, ನಿಮ್ಮ ಕ್ಯಾಮೆರಾ ಕೆಟ್ಟಿದೆ. ಮೂವತ್ತಾರರಲ್ಲೂ ಬರೀ ಬಿಳೀ ಚುಕ್ಕೆ."

"ಅದು ಚುಕ್ಕೆ ಅಲ್ಲಯ್ಯಾ, ಹೊಳಪು!" ಕರಡಿ ಗುಡುಗಿದ.

ಕಾರ್ಯದರ್ಶಿಯವರು ಪಟಗಳನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿದರು. ನಲ್ಲಿ. ಕನ್ನಡಿ. ಚಮಚ, ಚಮಚ, ಮತ್ತೆ ಚಮಚ. ಕೊನೆಗೆ ಬಕೆಟ್ಟು, ಅದರ ತಳದಲ್ಲಿ ನಕ್ಷತ್ರ ಸಿಡಿದಂಥ ಬೆಳಕು. ಕಿಟಕಿಯ ಚೌಕಟ್ಟು ಕೂಡ ಇರಲಿಲ್ಲ. ಎರಡು ಸಲ ಹುಡುಕಿ ಅವರು ಕನ್ನಡಕ ತೆಗೆದರು.

"ಇವಳು ಎಲ್ಲೂ ಇಲ್ಲ," ಎಂದರು ಮೆಲ್ಲಗೆ.

ಕರಡಿ ಎದ್ದು ನಿಂತ. "ಈಗ ಹೇಳಿ! ಏನೋ ಕೇಳ್ಬೇಕಾಗಿತ್ತಲ್ಲ, ಕೇಳಿ!"

ಕಾರ್ಯದರ್ಶಿಯವರು ಕೈ ಜೋಡಿಸಿ ಬಾಯಿ ತೆರೆದರು. ಅಷ್ಟರಲ್ಲಿ ಅವರ ಹೆಂಡತಿ ಮುಂದೆ ಬಂದರು.

"ಎಲ್ಲೂ ಇಲ್ವಾ?" ಆಕೆ ಪಟಗಳನ್ನು ತಾವೇ ತಿರುವಿ ಹಾಕಿದರು. "ಕ್ಯಾಮೆರಾ ಕಂಡು ಕಾಲು ಗಂಟೆ ಹಾಗೇ ಬಾಚ್ತಾ ನಿಂತಿದ್ದೆ. ಒಂದು ಮೊಳ ಪಕ್ಕಕ್ಕೆ ತಿರುಗಿಸೋಕಾಗ್ಲಿಲ್ವಾ ನಿಮಗೆ? ನಾನು ಬಕೆಟ್ಟಿಗಿಂತ ಕಡೆಯಾದ್ನಾ?"

ಕರಡಿ ದಿಕ್ಕುಗೆಟ್ಟು ತನ್ನ ಹೆಂಡತಿಯ ಕಡೆ ನೋಡಿದ. ಅವಳ ಕೈಯಲ್ಲಿ ಚಮಚದ ಮೂರು ಪಟಗಳಿದ್ದವು.

"ಮದುವೆಯಾಗಿ ಹನ್ನೆರಡು ವರ್ಷ ಆಯ್ತಕ್ಕಾ," ಎಂದಳು ಅವಳು, ಕಾರ್ಯದರ್ಶಿಯವರ ಹೆಂಡತಿಗೆ. "ಈ ಕ್ಯಾಮೆರಾದಲ್ಲಿ ನನ್ನದೊಂದು ಫೋಟೋ ಇಲ್ಲ. ಚಮಚದ್ದು ನೋಡಿ, ಮೂರು ಕಡೆಯಿಂದ ತೆಗೆದಿದಾರೆ."

"ನನ್ನನ್ನ ಬಿಟ್ಟು ನಲ್ಲಿ ತೆಗೆದಿದಾನಲ್ಲೇ," ಅಜ್ಜಿ ಕಣ್ಣೊರೆಸಿಕೊಂಡಳು.

ಜೋಡಿಸಿದ್ದ ಕೈಗಳನ್ನು ಕಾರ್ಯದರ್ಶಿಯವರು ಬಿಡಿಸಿ ಸೊಂಟದ ಮೇಲಿಟ್ಟರು. "ಏನ್ರೀ, ವಠಾರದ ಹೆಂಗಸರಿಗೆ ಹೀಗಾ ಅವಮಾನ ಮಾಡೋದು? ಬರೋ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪ್ರತಿ ಮನೆಯವರದ್ದೂ ಫೋಟೋ ತೆಗೀಬೇಕು. ಆಮೇಲೆ ನೋಡೋಣ, ಯಾರು ಯಾರಿಗೆ ಕ್ಷಮೆ ಕೇಳ್ಬೇಕು ಅಂತ."

ಕರಡಿ ಸಿಟ್ಟಿನಿಂದ ಮೇಜಿನ ಮೇಲಿನ ಪಟಗಳನ್ನು ಒಟ್ಟುಮಾಡಿಕೊಂಡ. ಸ್ಟುಡಿಯೋದವನು ಆಗಲೇ ಹೊಸ ರೀಲು ತೆಗೆದಿಟ್ಟಿದ್ದ.

"ನಾನು ಚೆನ್ನಾಗಿ ಪೌಡರ್ ಹಚ್ಕೊಂಡು ಬರ್ತೀನಿ," ಎಂದರು ಕಾರ್ಯದರ್ಶಿಯವರ ಹೆಂಡತಿ, ಹೊರಡುತ್ತ. "ನೀವು ಮಾತ್ರ ಸ್ವಲ್ಪ ನೋಡಿ ತೆಗೀರಿ. ಮುಖ ಎಲ್ಲೂ ಹೊಳೀಬಾರ್ದು."